ಕಂಚಿ ಹಲ್ಲಿ ಮುಟ್ಟಿದ ಕೈ

ಬೂದಿಕೋಟೆ ಹೋಬಳಿಯ ಆ ಹಳ್ಳಿಯಲ್ಲಿ ಯಾರ ಮೈಮೇಲೆ ಹಲ್ಲಿ ಬಿದ್ದರೂ ಅವರು ಮೊದಲು ಓಡುವುದು ಅಮ್ಮಾಜಮ್ಮನ ಮನೆಗೆ. ಕಂಚಿಯ ದೇವಸ್ಥಾನದಲ್ಲಿರುವ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವರಿಗೆ ಹಲ್ಲಿ ದೋಷವಿಲ್ಲ. ಅಂಥವರನ್ನು ಮುಟ್ಟಿದವರಿಗೂ ಇಲ್ಲ. ಮೂವತ್ತು ವರ್ಷದಿಂದ ಊರಿಗೆಲ್ಲ ಅವಳದೊಂದೇ ಕೈ. ಆದರೆ ಮುಟ್ಟಿದವರು ಹಾಗೇ ಎದ್ದು ಹೋಗುವಂತಿಲ್ಲ, ಕೂತು ಕಂಚಿಯ ಕತೆ ಪೂರ್ತಿ ಕೇಳಬೇಕು. ಊಟದ ಹೊತ್ತಿಗೆ ಪಲ್ಲವರಿಂದ ಶುರುವಾದರೆ ಎಮ್ಮೆ ಕರೆಯುವ ಹೊತ್ತಿಗೆ ಮುಗಿಯುತ್ತಿತ್ತು.

ಅಮ್ಮಾಜಮ್ಮ ಆ ಹಲ್ಲಿಯನ್ನು ಮುಟ್ಟಿರಲೇ ಇಲ್ಲ.

ಕಂಚಿಗೆ ಹೋಗಿದ್ದು ನಿಜ. ರಾಬರ್ಟ್‌ಸನ್‌ಪೇಟೆಯ ಅಣ್ಣನ ಜತೆ ಬಂಗಾರಪೇಟೆಯಲ್ಲಿ ರೈಲು ಹತ್ತಿದ್ದಳು. ಸಾಲಿನಲ್ಲಿ ಇನ್ನು ಹತ್ತೇ ಜನ ಅನ್ನುವಾಗ ಕಂಕುಳಲ್ಲಿದ್ದ ಮಗಳು ಶ್ಯಾಮಲಾಗೆ ಹೊಟ್ಟೆ ಕೆಟ್ಟಿತು. ಮಗು ತೊಳೆಯಲು ನಲ್ಲಿ ಹುಡುಕಿಕೊಂಡು ಹೊರಗೆ ಬಂದವಳು ಮಂಟಪದಲ್ಲೇ ಕೂತುಬಿಟ್ಟಳು. ಅಲ್ಲಿ ಮುದುಕನೊಬ್ಬ ಬಂದವರಿಗೆ ಊರಿನ ಚರಿತ್ರೆ ಹೇಳುತ್ತಿದ್ದ. ಅವನ ತಮಿಳನ್ನೆಲ್ಲ ಕಿವಿಗೆ ತುಂಬಿಕೊಂಡಳು. ಊರಿಗೆ ಬಂದಾಗ ಜನ "ಮುಟ್ಟಿದ್ಯಾ?" ಅಂದರು. "ಊಂ" ಅಂದುಬಿಟ್ಟಳು. ಆ ಒಂದು "ಊಂ" ಮೂವತ್ತು ವರ್ಷ ಬೆಳೆಯಿತು.

ಬೇರೆಯವರ ಹಲ್ಲಿಗೆ ಅವಳ ಕೈ ಇತ್ತು. ಅವಳ ಮೇಲೆಯೇ ಬಿದ್ದರೆ? ಸೋಮವಾರ ಸೂರಿನಿಂದ ದಪ್ಪನೆಯ ಹಲ್ಲಿಯೊಂದು ಪಟ್ಟಂತ ನಡುನೆತ್ತಿಗೆ ಬಿತ್ತು. ಪಂಚಾಂಗದ ಪ್ರಕಾರ ನೆತ್ತಿ ಅಂದರೆ ಪ್ರಾಣಕ್ಕೇ ಬಂತು. ಮೂರು ದಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಗುರುವಾರ ಪಕ್ಕದ ಮನೆಯ ಸೊಸೆ ಶಶಿರೇಖ ಕಂಚಿಯಿಂದ ಬಂದಳು, ಹಲ್ಲಿ ಮುಟ್ಟಿಯೇ ಬಂದಳು. ಯಾರಿಗೂ ಗೊತ್ತಾಗದ ಹಾಗೆ ಆ ಹುಡುಗಿಯ ಕೈ ಮುಟ್ಟಿದರೆ ಸಾಕು. ಅಮ್ಮಾಜಮ್ಮ ಪ್ರಸಾದ ಕೇಳಿದಳು. ಶಶಿರೇಖ ಹಿರಿಯರೆಂದು ತಟ್ಟೆಯಲ್ಲಿಟ್ಟು ಕೊಟ್ಟಳು. ಬಳೆ ನೋಡ್ತೀನಿ ಅಂದರೆ ಬಿಚ್ಚಿಯೇ ಕೊಟ್ಟಳು. ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ, ಅಂದುಕೊಂಡಳು ಅಮ್ಮಾಜಮ್ಮ!

ಕೊನೆಗೆ ಸಂಜೆ ಡೇರಿಯ ಸಾಲಿನಲ್ಲಿ, ಹಾಲಿನ ಕ್ಯಾನು ಜಾರಿದಂತೆ ಮಾಡಿ, ಗಬಕ್ಕನೆ ಅವಳ ಮುಂಗೈ ಹಿಡಿದಳು. ಮೂರು ದಿನದಿಂದ ಮುಚ್ಚಿದ್ದ ಹೊಟ್ಟೆ ಗುರ್ ಅಂದಿತು. ಹಿಡಿದ ಕೈ ಬಿಡಲು ಮನಸ್ಸೇ ಬರಲಿಲ್ಲ.

"ಅತ್ತೇ, ಹಲ್ಲಿ ಏನಾದ್ರೂ ಬಿತ್ತಾ?" ಶಶಿರೇಖ ಊರಿಗೇ ಕೇಳುವಂತೆ ಕೇಳಿದಳು.

ಡೇರಿ ಸೆಕ್ರೆಟ್ರಿ ಚಿಕ್ಕಮುನಿಯಪ್ಪ ಅಳೆಯುವುದನ್ನು ನಿಲ್ಲಿಸಿದ. "ನಿಂಗ್ಯಾಕಮ್ಮೋ ಇನ್ನೊಬ್ರ ಕೈ? ನೀನೇ ಮುಟ್ಟಿದೋಳಲ್ವಾ?"

ಪ್ರಾಣದ ವಿಷಯ, ಇದರ ಮೇಲೆ ಇನ್ನೊಂದು ಸುಳ್ಳು ಬೇಡ ಅನ್ನಿಸಿತು ಅವಳಿಗೆ. "ಮುಟ್ಟಿಲ್ಲ ಕಣಪ್ಪ. ಮಗೀಗೆ ಭೇದಿ ಆಗೋಯ್ತು."

ಸಾಲಿನಲ್ಲಿ ಬೀಡಿ ಸೇದುತ್ತ ನಿಂತಿದ್ದ ಕದಿರಪ್ಪ ಬಾಯಿ ಬಡಿದುಕೊಂಡ. "ಅಯ್ಯಯ್ಯೋ! ನಂಗೆ ಮೂರು ಸಲ ಬಿದ್ದೈತೆ. ಮೂರು ದೋಸಾನೂ ಅಂಗೇ ಐತಲ್ಲಾ!"

"ಮೂರು ಸಲ ಬಿದ್ರೂ ಗುಂಡುಕಲ್ಲಂಗೆ ಬೀಡಿ ಸೇದ್ಕೊಂಡು ನಿಂತಿದ್ದೀಯಲ್ಲೋ!" ಅಂದಳು ಅಮ್ಮಾಜಮ್ಮ.

ಯಾರು ಕೇಳುತ್ತಾರೆ? ಕ್ಯಾನು ನೆಲಕ್ಕಿಟ್ಟು ಎಲ್ಲರೂ ಶಶಿರೇಖಳ ಕೈಗೆ ಮುಗಿಬಿದ್ದರು. ಕದಿರಪ್ಪ ಮೂರು ಸಲ ಮುಟ್ಟಿ ಅಲ್ಲೇ ನಿಂತ.

"ಕತೆ?"

"ಯಾವ ಕತೆ ಮಾವ?"

"ಕಂಚಿ ಕತೆ. ಅದ್ನ ಕೇಳ್ದೆ ದೋಸ ಎಂಗಮ್ಮ ಓಯ್ತದೆ?"

"ನಂಗೊತ್ತಿಲ್ಲ. ಅಲ್ಲಿಂದ ಸೀದಾ ಸೀರೆ ಅಂಗ್ಡಿಗೆ ಓದ್ವಿ."

ಅಮ್ಮಾಜಮ್ಮ ಆಗಲೇ ತನ್ನ ಕ್ಯಾನು ಎತ್ತಿಕೊಂಡು ಮನೆ ದಾರಿ ಹಿಡಿದಿದ್ದಳು. ಚಿಕ್ಕಮುನಿಯಪ್ಪ ತನ್ನ ಸ್ಟೂಲನ್ನೇ ಎತ್ತಿಕೊಂಡು ಹಿಂದೆ ಓಡಿದ. "ಕೈ ಅವಳ್ದಿರ್ಲಿ. ಬಾಯಿ ನಿಂದೇ. ಕೂತ್ಕೊ."

ಅವಳು ಕೂತಳು, ಸ್ವಲ್ಪ ಬಿಗುಮಾನ ಮಾಡಿಯೇ ಕೂತಳು. "ಪಲ್ಲವರ ಮ್ಯಾಲೆ ಯುದ್ಧಕ್ಕೆ ಓಗಿ ನಮ್ಮ ಕನ್ನಡದ ಚಾಲುಕ್ಯ ರಾಜ ಕಂಚಿ ಗೆದ್ದ. ದೇವಸ್ಥಾನದಾಗಿನ ಬಂಗಾರದ ರಾಶಿ ಕಣ್ಣಾರೆ ನೋಡ್ದ. ಗುಲಗಂಜಿಯಷ್ಟೂ ಮುಟ್ದೆ ದೇವರಿಗೇ ಬಿಟ್ಟು, ಕಂಬದ ಮ್ಯಾಲೆ ಕನ್ನಡದಾಗೆ ಬರೆಸಿ ವಾಪಸ್ ಬಂದ."

"ನಿನ್ನಂಗೇ ಬಿಡಮ್ಮೋ," ಅಂದ ಕದಿರಪ್ಪ. "ಅಷ್ಟು ದೂರ ಓಗಿ ಮುಟ್ದೆ ಬಂದ."

ಎಲ್ಲರಿಗಿಂತ ಮೊದಲು ನಕ್ಕವಳು ಅಮ್ಮಾಜಮ್ಮನೇ. ಅಷ್ಟರಲ್ಲಿ ಹಾಲಿನ ವ್ಯಾನು ಬಂದು ಹಾರನ್ನು ಬಾರಿಸತೊಡಗಿತು. ಚಿಕ್ಕಮುನಿಯಪ್ಪ ಎರಡೂ ಕೈ ಚಾಚಿ ಕೂಗಿದ: "ಹಲ್ಲಿ ಬಿದ್ದೋರು ಈ ಕಡೆ, ಹಾಲು ಹಾಕೋರು ಆ ಕಡೆ!"

ಆ ಕಡೆಗೆ ಒಬ್ಬರೂ ಹೋಗಲಿಲ್ಲ.