ತಲೆ ಪೂರ್ತಿ ಮುಳುಗಿತ್ತು

ಭಾನುವಾರ ತಂಗಿ ಫೇಬಳಿಗೆ ಸ್ನಾನ ಎಂದು ತಾಯಿಯ ಫೋನು ಬಂದಾಗ ಬಿನ್ಸಿ ಪುತ್ತೂರಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಸ್ನಾನ ಎಂದರೆ ಅವರ ಮಲಯಾಳಿ ಕ್ರೈಸ್ತ ಸಭೆಯಲ್ಲಿ ಹೊಳೆಗಿಳಿಸಿ ಕೊಡುವ ದೀಕ್ಷೆ. ತಲೆ ಪೂರ್ತಿ ಮುಳುಗಬೇಕು. ನೆತ್ತಿ ಒಣಗಿದ್ದರೆ ಸ್ನಾನವೇ ಅಲ್ಲ.

"ಮಾತ್ರೆ ತಗೊಳ್ತಾ ಇದ್ದಾಳಲ್ಲ, ಅಮ್ಮಚ್ಚಿ?"

"ನಿಲ್ಲಿಸಿ ಹತ್ತು ದಿನ ಆಯ್ತು. ನಂಬಿಕೆಯೂ ಬೇಕು, ಮಾತ್ರೆಯೂ ಬೇಕು ಅಂದ್ರೆ ಹೇಗೆ ಅಂತ ಪಾಸ್ಟರು ಕೇಳಿದ್ರು."

ಹತ್ತೊಂಬತ್ತರ ತಂಗಿಗೆ ಚಿಕ್ಕಂದಿನಿಂದಲೂ ಫಿಟ್ಸ್. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆಂದು ನರ್ಸ್ ಬಿನ್ಸಿಗೆ ಗೊತ್ತು. ಪಾಸ್ಟರ್ ಕೋಶಿಯ ಲೆಕ್ಕದಲ್ಲಿ ಅದು ಕಾಯಿಲೆಯಲ್ಲ, ಪಿಶಾಚಿ.

ಕೋಶಿಯನ್ನು ಅವಳು ಎಂಟನೇ ವಯಸ್ಸಿನಿಂದಲೂ ಬಲ್ಲಳು. ಸಂಡೇ ಸ್ಕೂಲಿನಲ್ಲಿ ಅವಳ ತೋರುಬೆರಳನ್ನು ಉರಿಯುವ ಮೇಣದಬತ್ತಿಯ ಮೇಲೆ ಹಿಡಿದು, "ಹತ್ತರವರೆಗೆ ಎಣಿಸು ಮೋಳೆ. ಆಗುದಿಲ್ವಾ? ನರಕದಲ್ಲಿ ಎಣಿಸಿ ಮುಗಿಯುದೇ ಇಲ್ಲ" ಎಂದಿದ್ದ. ಗುಳ್ಳೆ ಒಡೆದು ಕೀವಾದಾಗ ತಂದೆ ಸ್ಕರಿಯ ಮಗಳನ್ನೇ ಬೈದ. ಇಪ್ಪತ್ತನಾಲ್ಕಕ್ಕೆ ಅವಳು ಸಭೆ ಬಿಟ್ಟಳು. ಆಮೇಲೆ ಮನೆಯಲ್ಲಿ ಅವಳಿಗೆ ತಟ್ಟೆ ಇಟ್ಟವರಿಲ್ಲ.

ಪುತ್ತೂರಿನಲ್ಲಿ ಇನ್ನೊಂದು ಚರ್ಚಿನ ಪಾದ್ರಿ ಜಯಾನಂದ ಅಯ್ಯನವರ ಗುರುವಾರದ ಕೂಟ ಸಿಕ್ಕಿತು. ಆರೇಳು ಜನ, ಒಂದು ತಟ್ಟೆ ಗೋಳಿಬಜೆ. ದೇವರ ಬಗ್ಗೆ ಏನು ಬೇಕಾದರೂ ಕೇಳಬಹುದು, ಯಾರೂ ಕಣ್ಣು ಕೆಂಪು ಮಾಡುವುದಿಲ್ಲ. "ನರಕ ಅನ್ನುದು ಒಂದು ಜಾಗ ಅಲ್ಲಮ್ಮ, ಹೆದರಿದವರು ಬರೆದ ಚಿತ್ರ" ಎಂದು ಅಯ್ಯನವರು ಹೇಳಿದ ರಾತ್ರಿ ಬಿನ್ಸಿ ಬುದ್ಧಿ ಬಂದಮೇಲೆ ಮೊದಲ ಸಲ ಲೈಟು ಆರಿಸಿ ಮಲಗಿದ್ದಳು.

ಭಾನುವಾರ ಅಯ್ಯನವರೇ ಕಾರು ತೆಗೆದರು. ಕೊಯಿಲ ದಾಟುವವರೆಗೂ ಸಮಾಧಾನ ಹೇಳಿದರು. "ಕೂತು ಮಾತಾಡುವ. ಅವರಿಗೂ ಮಗಳ ಮೇಲೆ ಪ್ರೀತಿ ಉಂಟಲ್ಲ."

"ಪ್ರೀತಿ ಉಂಟು, ಅಯ್ಯನವರೇ. ಅದೇ ಹೆದರಿಕೆ. ಸ್ವಲ್ಪ ಬೇಗ ಬಿಡಿ."

ಅವರು ಮುಟ್ಟುವಾಗ ಸಭೆ ಕುಮಾರಧಾರೆಯ ದಡದಲ್ಲಿತ್ತು. ಬಿಳಿ ಬಟ್ಟೆಯ ನಲವತ್ತು ಜನ, ಕೈಚಪ್ಪಾಳೆ, ಹಾಡು. ಸೊಂಟಮಟ್ಟದ ನೀರಿನಲ್ಲಿ ಸ್ಕರಿಯ ಒಂದು ಬದಿ, ಕೋಶಿ ಇನ್ನೊಂದು ಬದಿ, ನಡುವೆ ಫೇಬ. ಬಿನ್ಸಿ ಕೂಗಿದ್ದು ಹಾಡಿನಲ್ಲಿ ಮುಳುಗಿತು. ಕೋಶಿ ಹುಡುಗಿಯ ಮೂಗು ಹಿಡಿದು ಹಿಂದಕ್ಕೆ ವಾಲಿಸಿದ.

ಮೇಲೆ ಬರಬೇಕಾದ ತಲೆ ಬರಲಿಲ್ಲ. ನೀರು ಕದಡಿತು. ಒಂದು ಕಾಲು ಹೊರಗೆ ಬಂದು ಪಟಪಟ ಬಡಿಯಿತು.

"ಬಂತು! ಬಿಟ್ಟು ಹೋಗು! ಇವಳನ್ನು ಬಿಟ್ಟು ಹೋಗು!" ಕೋಶಿ ಎರಡೂ ಕೈಯಿಂದ ತಲೆ ಅದುಮಿದ. ದಡದವರು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು.

ಬಿನ್ಸಿ ಚಪ್ಪಲಿ ಸಮೇತ ನೀರಿಗೆ ನುಗ್ಗಿದಳು. ಸ್ಕರಿಯ ಅವಳ ಜಡೆ ಹಿಡಿದು ಎಳೆದ. "ಮುಟ್ಬೇಡ! ನೀನು ಹೊರಗಿನವಳು!"

"ಫಿಟ್ಸ್ ಪಪ್ಪ, ಸಾಯ್ತಾಳೆ!"

ಅವನು ಜಡೆಯನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಅವಳು ಆ ಕೈಗೇ ಹಲ್ಲು ಹಾಕಿದಳು. ಬಾಯಿಗೆ ರಕ್ತದ ಉಪ್ಪು ಬಂದರೂ ಬಿಡಲಿಲ್ಲ, ಅವನು ಕಿರುಚಿ ಬಿಟ್ಟ ಮೇಲೆಯೇ ಬಿಟ್ಟಳು. ಬಗ್ಗಿ ಹೊಳೆಯ ತಳದಿಂದ ತೆಂಗಿನಕಾಯಿ ಗಾತ್ರದ ಕಲ್ಲು ಎತ್ತಿದಳು. ಕೋಶಿಯ ಬಾಯಿಗೆ ಹೊಡೆದಳು. ಹಲ್ಲು ಮುರಿದ ಸದ್ದು ಅವಳ ಕೈಗೇ ಕೇಳಿಸಿತು. ಅವನ ಹಿಡಿತ ಸಡಿಲಾಯಿತು, ಫೇಬ ತೇಲಿ ಬಂದಳು. ಬಿನ್ಸಿ ಕಲ್ಲನ್ನು ಮತ್ತೆ ಎತ್ತಿ ಅವನ ಹಣೆಗೆ ಹೊಡೆದಳು. ಈ ಎರಡನೆಯ ಏಟು ಬೇಕಿರಲಿಲ್ಲ. ಹೊಡೆಯುವಾಗಲೇ ಅದು ಅವಳಿಗೆ ಗೊತ್ತಿತ್ತು.

ದಡಕ್ಕೆ ಎಳೆದು ತಂದು ಮರಳಿನ ಮೇಲೆ ಮಲಗಿಸಿದಾಗ ತಂಗಿಯ ತುಟಿ ನೇರಳೆಯಾಗಿತ್ತು, ಉಸಿರಿರಲಿಲ್ಲ. ಬಿನ್ಸಿ ಬಾಯಿಗೆ ಬಾಯಿ ಇಟ್ಟು ಊದಿದಳು, ಎದೆ ಒತ್ತಿದಳು. ಪಕ್ಕೆಲುಬೊಂದು ಲಟಕ್ಕೆಂದಿತು. ಹಾಡು ನಿಂತಿತ್ತು. ಕಡೆಗೆ ಫೇಬ ನೀರು ಕಾರಿ ಗೊರಕ್ಕೆಂದು ಉಸಿರೆಳೆದಳು. ಅಯ್ಯನವರು ಕಾರಿನ ಬಾಗಿಲು ತೆರೆದು ನಿಂತಿದ್ದರು.

ಫೇಬ ಬಿನ್ಸಿಯ ಆಸ್ಪತ್ರೆಯಲ್ಲೇ ಐಸಿಯು ಸೇರಿದಳು. ಕೋಶಿಯನ್ನೂ ಅದೇ ಆಸ್ಪತ್ರೆಗೆ ತಂದರು. ಸಂಜೆ ಕ್ಯಾಶುವಲ್ಟಿಯ ನರ್ಸ್ ರಮ್ಲತ್ ಹುಡುಕಿಕೊಂಡು ಬಂದಳು.

"ನಿಮ್ಮ ಪಾಸ್ಟರಿಗೆ ಹನ್ನೊಂದು ಹೊಲಿಗೆ ಮಾರಾಯ್ತಿ. ಸೂಜಿ ನೋಡಿದ ಕೂಡಲೇ, ಸಿಸ್ಟರ್, ಮರಗಟ್ಟುವ ಇಂಜೆಕ್ಷನ್ ಡಬಲ್ ಹಾಕಿ ಅಂದ್ರು. ನಂಬಿಕೆ ಹೊಳೆಯಲ್ಲೇ ಬಿದ್ದುಹೋಗಿದೆ ಕಾಣ್ತದೆ, ಹಲ್ಲಿನೊಟ್ಟಿಗೆ."

"ಪೊಲೀಸಿಗೆ ಎಂತ ಹೇಳಿದ?"

"ಕಾಲು ಜಾರಿ ಬಿದ್ದೆ ಅಂತ."

ಬಿನ್ಸಿಗೆ ನಗು ಬರಲಿಲ್ಲ. ರಮ್ಲತ್ ಹೋದ ಮೇಲೆ ಅಯ್ಯನವರು ಪಕ್ಕದ ಬೆಂಚಿನಲ್ಲಿ ಕೂತರು. "ಮೊದಲನೇ ಏಟು ನನಗೆ ಅರ್ಥ ಆಗ್ತದೆ" ಎಂದರು.

"ಎರಡನೇದು ನನಗೆ ಅರ್ಥ ಆಗ್ತದೆ. ಅವನು ಸಾಯಲಿ ಅಂತ ಹೊಡೆದದ್ದು."

"ಅವನೂ ಹೆದರಿದ ಮನುಷ್ಯನೇ, ಬಿನ್ಸಿ. ಅವನಿಗಾಗಿಯೂ ಒಂದು ಪ್ರಾರ್ಥನೆ..."

"ನರಕ ಇಲ್ಲ ಅಂತ ಹೇಳಿದ್ದು ನೀವು. ನಂಬಿದೆ, ನಿದ್ದೆ ಮಾಡಿದೆ. ಇವತ್ತು ನನಗೆ ಅದು ಬೇಕು. ಒಬ್ಬನಿಗೆ ಮಾತ್ರ. ಇವನನ್ನು ಎಲ್ಲಿ ಹಾಕುದು, ಹೇಳಿ?"

ಅಯ್ಯನವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. "ಗೊತ್ತಿಲ್ಲಮ್ಮ" ಎಂದರು. ಅವಳು ಅವರ ಮೇಲೆ ಸಿಟ್ಟಾಗಲು ನೋಡಿದಳು, ಆಗಲಿಲ್ಲ.

ಮೂರನೇ ದಿನ ಫೇಬಳನ್ನು ವಾರ್ಡಿಗೆ ತಂದರು. ಗಂಜಿ ಕುಡಿದ ಮೇಲೆ ಮೊದಲ ಮಾತು ಹೊರಟಿತು.

"ಚೇಚಿ, ನನ್ನ ಸ್ನಾನ ಆಯ್ತಾ?"

ಬಿನ್ಸಿ ಹೊದಿಕೆ ಸರಿಪಡಿಸಿದಳು. "ಆಯ್ತು. ತಲೆ ಪೂರ್ತಿ ಮುಳುಗಿತ್ತು. ನಾನೇ ನೋಡಿದ್ದು."

"ಹಾಗಾದ್ರೆ ಇನ್ನೊಮ್ಮೆ ಇಲ್ಲ."

"ಇಲ್ಲ. ಜೀವಮಾನಕ್ಕೆ ಒಂದೇ ಸಲ. ಯಾರು ಕರೆದ್ರೂ ಹೊಳೆಗೆ ಇಳಿಯುವ ಹಾಗಿಲ್ಲ, ನೆನಪಿಟ್ಕೊ."

ಫೇಬ ನಕ್ಕಳು. ಬಿನ್ಸಿ ಮಾತ್ರೆ ಬಿಡಿಸಿ ಮುಂದೆ ಹಿಡಿದಾಗ ಆ ನಗು ಹೋಯಿತು. "ಅದು ಬೇಡ. ಸ್ನಾನ ಆದವರಿಗೆ ಯಾಕೆ ಮಾತ್ರೆ?" ಎಂದು ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿದಳು.

ಬಿನ್ಸಿ ಗೋಗರೆಯಲಿಲ್ಲ. ದವಡೆ ಹಿಡಿದು ಮುಖ ತಿರುಗಿಸಿದಳು. ಸುಟ್ಟ ಕಲೆಯಿದ್ದ ತೋರುಬೆರಳನ್ನು ಹಲ್ಲುಗಳ ನಡುವೆ ತೂರಿಸಿ, ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ತಳ್ಳಿ, ನೀರು ಹೊಯ್ದು, ಬಾಯಿ ಮುಚ್ಚಿ ಮೂಗು ಹಿಡಿದಳು. ಫೇಬಳ ಉಗುರುಗಳು ಅವಳ ಮುಂಗೈಗೆ ಇಳಿದವು. ಕಣ್ಣುಗಳು ಅಗಲವಾದವು.

"ನುಂಗು" ಎಂದವಳೇ ಬಿನ್ಸಿ ಒಂದು, ಎರಡು ಎಂದು ಎಣಿಸತೊಡಗಿದಳು. ಏಳಕ್ಕೆ ತಂಗಿಯ ಗಂಟಲು ಅಲ್ಲಾಡಿತು.