ನೋಡಿ ಬರುವುದು

ಎಂಜಿನ್ ನಿಂತ ಮೇಲೂ ಟಿಕ್ ಟಿಕ್ ಅನ್ನುತ್ತಿದೆ, ಕಬ್ಬಿಣ ತಣ್ಣಗಾಗುವ ಸದ್ದು, ಅಮ್ಮ ಕೀಲಿ ತೆಗೆದಿಲ್ಲ, ವಾಪಸು ಹೋಗುವ ಆಸೆ ಇನ್ನೂ ಇದೆ ಅವಳಿಗೆ — ಮರೆನ್, ಗಾಳಿ ಹೇಗಿದೆ ಕೇಳು, ಸರೋವರದ ಕಡೆಯಿಂದ ಬರ್ತಿದೆ, ಇಳೀಲೇಬೇಕಾ? ಬೆಳಗಿನಿಂದ ಡುಲೂತ್‌ನ ಈ ದೂರದ ಕಾಲೇಜಿನವರೆಗೆ ಕಾರು ಓಡಿಸಿದ್ದು ಇಳಿಯದೆ ಇರುವುದಕ್ಕಾ ಎಂದು ನಾನು ಕೇಳುವುದಿಲ್ಲ. ಕಾಲೇಜು ಆರಿಸುವ ಮೊದಲು ನೋಡಿ ಬರಬೇಕು ಎಂದು ನಾನು ಹೇಳಿದಾಗ ಓರಿನ್ ಮಾವ ಕಾಫಿ ನೆತ್ತಿಗೇರುವಷ್ಟು ನಕ್ಕಿದ್ದ, ನೋಡೋದಾ, ಕಣ್ಣೇ ಕಾಣದೋಳು ಏನೇ ನೋಡ್ತೀಯಾ ಅಲ್ಲಿ? ವಾಸನೆ ನೋಡ್ತೀನಿ ಮಾವ, ನಿನ್ ಸಾಕ್ಸ್ ಇಲ್ಲಿಂದ್ಲೇ ನೋಡ್ತಿಲ್ವಾ, ಹಾಗೆ. ಅಮ್ಮ ನಗಲಿಲ್ಲ, ಎರಡು ಕಾಲೇಜಿನ ಪುಸ್ತಿಕೆಗಳನ್ನೂ ಓದಿ ಹೇಳಿದಳು, ಕೆಂಪು ಇಟ್ಟಿಗೆ, ಹುಲ್ಲುಹಾಸು, ನಗುವ ಮಕ್ಕಳು, ಎರಡರಲ್ಲೂ ಅದೇ, ಎರಡೂ ಸೀಟು ಕೊಟ್ಟಿವೆ, ಹತ್ತಿರದ್ದೇ ಸಾಕು ಕಣೇ, ವಾರವಾರ ಬಂದು ಬಟ್ಟೆ ಒಗೆದುಕೊಡ್ತೀನಿ. ಹತ್ತಿರದ್ದಕ್ಕೆ ಹೋದ ವಾರ ಹೋಗಿದ್ದೆವು, ತೋರಿಸಲು ಬಂದ ಹುಡುಗಿ ನನ್ನ ಮೊಣಕೈ ಹಿಡಿದವಳು ಬಿಡಲೇ ಇಲ್ಲ, ಒದ್ದೆ ಕೈ, ಮಾತೆಲ್ಲ ಅಮ್ಮನ ಜೊತೆ, ಇವರು ನಿಂಬೆ ಪಾನಕ ಕುಡೀತಾರಾ ಮೇಡಂ? ಇವರು ಕುಡೀತಾರೆ, ಎಂದೆ ನಾನು. ಅಮ್ಮನಿಗೆ ತುಂಬ ಹಿಡಿಸಿತು ಆ ಕಾಲೇಜು.

ಇಳಿಯುತ್ತೇನೆ. ನೀನು ಕೂತಿರು. ಒಬ್ಳೇನಾ? ಒಬ್ಳೇ. ಕೋಲಿನ ತುದಿಗೆ ಡಾಂಬರು, ಆಮೇಲೆ ಇಟ್ಟಿಗೆ, ಇಳಿಜಾರು, ಬಲಗಡೆ ಈರುಳ್ಳಿ ಹುರಿಯುವ ವಾಸನೆ, ಕ್ಯಾಂಟೀನಿರಬೇಕು, ಇಬ್ಬರು ಪರೀಕ್ಷೆಯ ಮೇಲೆ ಜಗಳವಾಡುತ್ತ ನನ್ನನ್ನು ಬಳಸಿ ಹೋದರು, ಸ್ವರ ತಗ್ಗಿಸಲಿಲ್ಲ, ಬಾಯಿತುಂಬ ತಿನ್ನುತ್ತಿರುವ ಒಂದು ದನಿ — ಏಯ್, ಎಡಗಡೆ ಐಸ್ ಕಟ್ಟಿದೆ, ಬಲಕ್ಕೆ ಬಾ — ಹೇಳಿ ಹೊರಟೇಹೋಯಿತು, ಕೈ ಹಿಡಿಯಲಿಲ್ಲ. ಬಲಕ್ಕೆ ತಿರುಗಿದೆ, ತಡವಾಗಿತ್ತು, ಬಿದ್ದೆ. ಮೊಣಕಾಲು ಉರಿಯುತ್ತಿದೆ, ದೊಡ್ಡದೇನಲ್ಲ. ಮನೆಯಲ್ಲಿ ನಾನು ನೆಲ ಮುಟ್ಟುವ ಮೊದಲೇ ಅಮ್ಮನ ಚಪ್ಪಲಿ ಓಡಿ ಬರುತ್ತಿತ್ತು, ಈಗಲೂ ನೋಡಿರುತ್ತಾಳೆ, ಕಾರಿನ ಮುಖ ಇತ್ತಲೇ ಇದೆ. ಬಾಗಿಲು ತೆರೆಯುವ ಸದ್ದಿಗೆ ಕಿವಿಗೊಟ್ಟೆ. ಗಾಳಿ. ಧ್ವಜಸ್ತಂಭಕ್ಕೆ ಹಗ್ಗ ಬಡಿಯುವುದು. ಬಾಗಿಲಲ್ಲ. ಹಿಡಿಕೆ ಹಿಡಿದುಕೊಂಡೇ ಕೂತಿರಬೇಕು, ಆ ಕೈ ನನಗೆ ಗೊತ್ತು, ತುಟಿಯನ್ನೂ ಕಚ್ಚಿಕೊಂಡಿರುತ್ತಾಳೆ, ಆದರೂ ತೆರೆಯುತ್ತಿಲ್ಲ, ಇಲ್ಲ, ತೆರೆಯುತ್ತಿಲ್ಲ — ಅಂಗೈ ಕೆಳಗೆ ಮಂಜುಗಡ್ಡೆ, ನುಣುಪು, ಅದರಲ್ಲೊಂದು ಬಿರುಕು, ಬೆರಳು ಅದರ ಜಾಡು ಹಿಡಿದು ಸರಿಯುತ್ತದೆ, ಇದೇ ಕಾಲೇಜು ಅಮ್ಮ, ಇಲ್ಲೇ ಓದ್ತೀನಿ, ಎದ್ದ ಮೇಲೆ ಹೇಳಿದರಾಯಿತು, ಮಂಜುಗಡ್ಡೆ, ಬಿರುಕು, ಬೆರಳು, ತಣ್ಣಗೆ, ಬಿರುಕು