ತೊಳೆಯದೆ ಇಟ್ಟ ರೀಲು

ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ರಾಧಾಮಣಿಯ ಕಣ್ಣು ಮೊದಲು ಹೋಗುತ್ತಿದ್ದದ್ದು ಕರಿಬೇವಿನ ಕವರಿನ ಹಿಂದಕ್ಕೆ. ಅಲ್ಲೊಂದು ಹಳೇ ಮಾತ್ರೆ ಡಬ್ಬಿ, ಅದರೊಳಗೊಂದು ಫಿಲ್ಮ್ ರೀಲು. ಇದೆಯಲ್ಲ ಎಂದು ನೋಡಿಕೊಂಡು, ಹಾಲಿನ ಪಾಕೆಟ್ಟು ತೆಗೆದುಕೊಂಡು, ಬಾಗಿಲು ಹಾಕಿಬಿಡುವಳು. ತೊಳೆದರೆ ಒಳಗೇನಿದೆ, ಏನಿಲ್ಲ ಎಂಬುದು ಗೊತ್ತಾಗಿಹೋಗುತ್ತದೆ. ತೊಳೆಯದೆ ಇರುವಷ್ಟು ದಿನ ಅದರಲ್ಲಿ ನಿಖಾತ್ ಇದ್ದಾಳೆ.

ನಿಖಾತ್ ಅವಳ ಹೈಸ್ಕೂಲಿನ ಗೆಳತಿ. ಮದುವೆಯಾಗಿ ರಾಮನಗರದಲ್ಲೇ ಉಳಿದವಳು, ಮಗಳು ಸುಹಾನಾ ಸೇರಿ ಎರಡು ಮಕ್ಕಳ ತಾಯಿ. ಗಂಡ ಇದ್ರೀಸ್ ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಮಿಷನ್ನುಗಳನ್ನು ಇಟ್ಟುಕೊಂಡಿದ್ದಾನೆ. ರಾಧಾಮಣಿ ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದು, ಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿ, ನಲವತ್ತು ದಾಟಿದ ಮೇಲೆ ಒಂದು ಹಳೇ ಕ್ಯಾಮರಾ ಕೊಂಡು ಅದರ ಹುಚ್ಚು ಹತ್ತಿಸಿಕೊಂಡವಳು. ಅಂಗಡಿಯ ಫಿಲ್ಮು ಕೈಗೆಟುಕುವ ಬೆಲೆಯದ್ದಲ್ಲ. ಹಾಗಾಗಿ ಬೆಂಗಳೂರಿನ ಪರಿಚಯದವರೊಬ್ಬರಿಂದ, ಸಿನಿಮಾದವರು ಶೂಟಿಂಗಿನಲ್ಲಿ ಉಳಿಸಿದ ಕಪ್ಪು ಬಿಳುಪು ಫಿಲ್ಮಿನ ಟಿನ್ನು ತರಿಸಿಕೊಳ್ಳುತ್ತಾಳೆ. ಕತ್ತಲಲ್ಲಿ ಟಿನ್ನು ಬಿಚ್ಚಿ, ಹೂವಾಡಗಿತ್ತಿಯ ಹಾಗೆ ಎರಡೂ ಕೈ ಚಾಚಿ ಒಂದು ಮಾರು ಅಳೆದು, ಕತ್ತರಿಸಿ, ಖಾಲಿ ಡಬ್ಬಿಗೆ ಸುತ್ತಿಕೊಳ್ಳಬೇಕು. ಕ್ಯಾಮರಾದ ಉರುಳೆಗೆ ಸಿಕ್ಕಿಸಲು ಫಿಲ್ಮಿನ ತುದಿಯನ್ನೂ ಕೈಯಾರೆ ಸಣ್ಣಗೆ ಕತ್ತರಿಸಬೇಕು. ಆ ತುದಿ ಸರಿಯಾಗಿ ಕಚ್ಚಿಕೊಳ್ಳದಿದ್ದರೆ, ನಾವು ಹೊರಗೆ ಎಷ್ಟು ಕ್ಲಿಕ್ಕಿಸಿದರೂ ಫಿಲ್ಮು ಒಳಗೆ ಅಲ್ಲಾಡುವುದಿಲ್ಲ.

ತನ್ನ ಆಪರೇಷನ್ನಿಗೆ ಡಾಕ್ಟರು ದಿನ ಕೊಟ್ಟ ವಾರದಲ್ಲೇ ನಿಖಾತ್ ಬಸ್ಸು ಹತ್ತಿ ಬಂದು ಇವಳ ಅಡುಗೆಮನೆಯಲ್ಲಿ ಕೂತಿದ್ದಳು.

"ಫೋನಲ್ಲಿ ಬೇಡ ಕಣೇ. ನನ್ನ ಫೋನು ಮನೆಮಂದಿಗೆಲ್ಲ ಸೇರಿದ್ದು. ಸುಹಾನಾ ನೋಟ್ಸು ನೋಡ್ತಾಳೆ, ಇವರು ರೇಷ್ಮೆ ಗೂಡಿನ ರೇಟು ನೋಡ್ತಾರೆ. ನಿನ್ನ ಸಿನಿಮಾ ರೀಲಲ್ಲಿ ತೆಗಿ. ನೀನೇ ತೆಗೀತೀಯ, ನೀನೇ ತೊಳೀತೀಯ. ಮಧ್ಯ ಯಾರೂ ಇಲ್ಲ."

"ಏನ್ ತೆಗೀಬೇಕೇ?"

ನಿಖಾತ್ ಅಂಗೈಯನ್ನು ಎಡ ಎದೆಯ ಮೇಲಿಟ್ಟುಕೊಂಡಳು. "ಇದನ್ನ ಕುಯ್ದು ತೆಗೆದೇ ಬಿಡ್ತಾರಂತೆ. ಆಧಾರ್ ಕಾರ್ಡಿಗೆ ಮೋರೆ ತೆಗೀತಾರೆ, ಬೆರಳು ತೆಗೀತಾರೆ, ಕಣ್ಣೂ ತೆಗೀತಾರೆ. ಎರಡು ಮಕ್ಕಳನ್ನ ಸಾಕಿದ್ದಕ್ಕೆ ಒಂದು ಫೋಟೋ ಬೇಡ್ವಾ?" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಇಷ್ಟು ವರ್ಷ ನಾನೇ ಸರಿಯಾಗಿ ನೋಡ್ಕೊಂಡಿಲ್ಲ ಕಣೇ."

ಅತ್ತೆ ಮುನಿಯಮ್ಮ ಅವತ್ತು ಮರಳವಾಡಿಗೆ ನಾಮಕರಣಕ್ಕೆ ಹೋಗಿದ್ದರು. ರೂಮಿನ ಕಿಟಕಿಯ ಬೆಳಕಲ್ಲಿ ನಿಖಾತ್ ಎರಡೂ ಕೈ ಅಡ್ಡ ಹಿಡಿದು ನಿಂತಳು, ಸ್ಕೂಲಿನ ತುಂಟಾಟವೆಲ್ಲ ಆಡಿದಳು, ಆಮೇಲೆ ಕೈ ಬಿಟ್ಟಳು. ರಾಧಾಮಣಿ ಕ್ಲಿಕ್ಕಿಸುತ್ತಲೇ ಹೋದಳು. ಎಷ್ಟು ಫೋಟೋ ಆಯಿತೆಂದು ತೋರಿಸುವ ಮುಳ್ಳು ಕೊನೆ ದಾಟಿದರೂ ಫಿಲ್ಮು ಮುಗಿಯಲಿಲ್ಲ. ಮಾರಿನ ಅಳತೆ, ಒಂದೆರಡು ಹೆಚ್ಚೇ ಬರುತ್ತದೆ ಎಂದುಕೊಂಡಳು. ಆದರೆ ಕೊನೆಯಲ್ಲಿ ಫಿಲ್ಮನ್ನು ಡಬ್ಬಿಗೆ ವಾಪಸು ಸುತ್ತುವಾಗ ತಿರುಪು ಕೈಗೆ ಹಗುರವಾಗಿ ಬಂತು, ಕೊಡ ಕಳಚಿಕೊಂಡ ಹಗ್ಗ ಸೇದಿದ ಹಾಗೆ. ಒಳಗೆ ಫಿಲ್ಮು ಸರಿದರೆ ಹೊರಗೆ ಆ ತಿರುಪೂ ತಿರುಗುತ್ತದೆ. ಫೋಟೋ ತೆಗೆಯುವಾಗ ಅದೇ ತಿರುಪು ತಿರುಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಅದು. ತಿರುಗುತ್ತಿತ್ತೇ? ಅವಳಿಗೆ ನೆನಪಾಗಲಿಲ್ಲ. ಅವಳು ನಿಖಾತಳನ್ನು ನೋಡುತ್ತಿದ್ದಳು.

"ಬಂತಾ?" ಎಂದಳು ನಿಖಾತ್, ಗುಂಡಿ ಹಾಕಿಕೊಳ್ಳುತ್ತ.

"ಬಂತು," ಅಂದುಬಿಟ್ಟಳು ರಾಧಾಮಣಿ.

ಆ ಒಂದು ಮಾತು ಅವಳನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ನಿಖಾತ್ ಮನೆಗೂ ಬಂದಳು, ಫೋನಿನಲ್ಲಿ ಅದೇ ಪ್ರಶ್ನೆ: "ತೊಳ್ದೇನೇ?" ರಾಧಾಮಣಿ ಸ್ಕೂಲಲ್ಲಿ ಪರೀಕ್ಷೆ ಅಂದಳು, ತೊಳೆಯೋ ಪೌಡರ್ ತರಿಸಬೇಕು ಅಂದಳು, ಬಿಸಿಲಿಗೆ ನೀರು ಕಾದಿರುತ್ತೆ ಅಂದಳು. ಕೊನೆಗೊಂದು ದಿನ ನಿಖಾತ್, "ನಂಗೆ ಈಗ ಬೇಕು ಕಣೇ," ಎಂದಳು.

ಆ ಭಾನುವಾರವೇ ರಾಧಾಮಣಿ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಬಡಿದು, ಬಾಗಿಲ ಸಂದಿಗೆ ಟವಲು ತುರುಕಿ, ಕತ್ತಲಲ್ಲಿ ಫಿಲ್ಮನ್ನು ತೊಳೆಯುವ ಡಬ್ಬಿಗೆ ಸುತ್ತಿದಳು. ಬೆರಳುಗಳು ಬೆವೆತು ಫಿಲ್ಮು ಎರಡು ಸಲ ಮಡಚಿಕೊಂಡಿತು.

"ಹಗಲೊತ್ತಲ್ಲಿ ಲೈಟ್ ಆರಿಸ್ಕೊಂಡು ಬಚ್ಚಲಲ್ಲಿ ಏನವ್ವಾ ಮಾಡ್ತಿದ್ದೀಯ?" ಮುನಿಯಮ್ಮ ಹೊರಗಿನಿಂದ ಕೂಗಿದರು. "ಆ ಐಸೆಲ್ಲ ಖಾಲಿ ಮಾಡಿದ್ದೀಯಲ್ಲ, ಯಾರಿಗ್ ಶರಬತ್ತು?"

"ಬಂದೆ ಇರಿ ಅತ್ತೆ!"

ಪೌಡರ್ ಕರಗಿಸಿ ಐಸು ಹಾಕಿ ತಣಿಸಿದ, ಚಿತ್ರ ಮೂಡಿಸುವ ಡೆವಲಪರ್ ಸುರಿದಳು, ಅಲ್ಲಾಡಿಸಿದಳು, ಚೆಲ್ಲಿದಳು. ಮೂಡಿದ್ದು ಅಳಿಯದಂತೆ ಫಿಕ್ಸರ್ ಸುರಿದಳು. ಮುಚ್ಚಳ ತೆಗೆಯುವ ಮುಂಚೆ ಕಣ್ಣು ಮುಚ್ಚಿಕೊಂಡಳು. ತೆಗೆದು ಬೆಳಕಿಗೆ ಹಿಡಿದರೆ ಉದ್ದಕ್ಕೂ ತಿಳಿ ಬೂದು, ಮತ್ತೇನೂ ಇಲ್ಲ. ಅಂಚಿನಲ್ಲಿ ಮಾತ್ರ, ಸಿನಿಮಾ ಫಿಲ್ಮಿಗೆ ಕಾರ್ಖಾನೆಯವರೇ ಮೂಡಿಸಿರುವ ಅಂಕಿಗಳು, ಕಪ್ಪಗೆ, ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿದ್ದವು. ಪೌಡರಿನದ್ದು ತಪ್ಪಿಲ್ಲ, ನೀರಿನದ್ದು ತಪ್ಪಿಲ್ಲ ಎಂದು ಆ ಅಂಕಿಗಳೇ ಸಾಕ್ಷಿ ಹೇಳುತ್ತಿದ್ದವು. ಫಿಲ್ಮು ಡಬ್ಬಿ ಬಿಟ್ಟು ಹೊರಗೇ ಬಂದಿರಲಿಲ್ಲ.

"ಏನೂ ಕಾಣ್ತಿಲ್ವಲ್ಲ, ನೀರ್ನಂಗೈತೆ," ಎಂದರು ಮುನಿಯಮ್ಮ, ಹಿಂದಿನಿಂದ ಇಣುಕಿ.

ಪೌಡರ್ ಹಳೇದಾಗಿತ್ತು ಅನ್ನಬಹುದು. ನಿಖಾತ್ ನಂಬುತ್ತಾಳೆ. ರಾಮನಗರದ ಬಸ್ಸಿನಲ್ಲಿ ಕೂತಾಗಲೂ ಆ ಮಾತು ನಾಲಿಗೆಯ ಮೇಲೇ ಇತ್ತು. ಕೆಂಗಲ್ ಬಂದಾಗ ಕೈಗಳು ತಾವಾಗಿ ಕೂಡಿಕೊಂಡವು. ಆಂಜನೇಯನನ್ನು ಏನು ಕೇಳಬೇಕೆಂದು ಹೊಳೆಯುವುದರೊಳಗೆ ಗುಡಿ ಹಿಂದಾಯಿತು.

ಬಾಗಿಲು ತೆರೆದ ಸುಹಾನಾ, "ಅಮ್ಮಿ ರೂಮಲ್ಲಿದ್ದಾರೆ ಆಂಟಿ," ಎಂದು ಟ್ಯೂಷನ್ನಿಗೆ ಓಡಿದಳು. ನಿಖಾತ್ ಗೋಡೆಗೆ ಮುಖ ಮಾಡಿ ನಿಂತು ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿಯ ಹಾಗೆ ಮೇಲಕ್ಕೆ ಹತ್ತಿಸುತ್ತಿದ್ದಳು.

"ಬಾರೇ. ದಿನಾ ಒಸಿ ಒಸಿ ಮೇಲಕ್ಕೆ ಹೋಗ್ಬೇಕಂತೆ, ಇಲ್ದಿದ್ರೆ ಕೈ ಹಿಡ್ಕೊಂಡ್ಬಿಡುತ್ತಂತೆ. ತಂದ್ಯಾ?"

ರಾಧಾಮಣಿ ಫಿಲ್ಮಿನ ಸುರುಳಿಯನ್ನು ಅವಳ ಕೈಗಿಟ್ಟಳು. ನಾಲಿಗೆಯ ಮೇಲಿದ್ದ ಪೌಡರಿನ ಮಾತು ಹೊರಡಲಿಲ್ಲ.

"ಏನೂ ಬಂದಿಲ್ಲ ಕಣೇ. ಫಿಲ್ಮು ಒಳಗೆ ಕಚ್ಕೊಂಡೇ ಇರ್ಲಿಲ್ಲ. ತಿರುಪು ತಿರುಗ್ತಿದ್ಯಾ ಅಂತ ನಾನು ನೋಡ್ಕೋಬೇಕಿತ್ತು. ಅವತ್ತೇ ಅನುಮಾನ ಬಂತು. ಆದ್ರೂ ಬಂತು ಅಂದೆ."

ನಿಖಾತ್ ಸುರುಳಿ ಬಿಚ್ಚಿ ಕಿಟಕಿಗೆ ಹಿಡಿದಳು. ಹಿತ್ತಲಲ್ಲಿ ಮಿಷನ್ನುಗಳು ಗರಗರ ತಿರುಗುತ್ತಿದ್ದವು.

"ಅವತ್ತೇ ಅಂದಿದ್ರೆ ಇನ್ನೊಂದ್ ಸಲ ತೆಗೀಬಹುದಿತ್ತು."

"ಹೂಂ."

"ಆಪರೇಷನ್‌ಗೆ ಇನ್ನೂ ಟೈಮಿತ್ತು."

"ಹೂಂ."

"ಹೂಂ ಅಂತಾಳೆ ನೋಡು, ಕತ್ತೆ!" ನಿಖಾತ್ ಫಿಲ್ಮನ್ನು ಮಂಚದ ಮೇಲೆ ಎಸೆದಳು. "ಆ ತಿರುಪು ನೋಡೋದು ಬಿಟ್ಟು ಅಷ್ಟೊತ್ತು ಏನೇ ನೋಡ್ತಿದ್ದೆ?"

"ನಿನ್ನನ್ನ."

ನಿಖಾತ್ ಮುಖ ತಿರುಗಿಸಿಕೊಂಡಳು. "ಹಂಗಾದ್ರೆ ಹೇಳು," ಎಂದಳು. "ನೋಡಿದ್ದನ್ನೇ ಹೇಳು."

ರಾಧಾಮಣಿ ತಡವರಿಸಿದಳು. "ಹೆಗಲ ಮೇಲೆ ಬ್ರಾ ಪಟ್ಟಿಯ ಗುರುತಿತ್ತು, ಕೆಂಪಗೆ. ಎಡಗಡೇದು ಒಸಿ ದೊಡ್ಡದು."

"ಬಾವು ಬಂದು."

"ಬಾವಲ್ಲ. ಹುಟ್ಟಾ ಹಂಗೇ ಅನ್ಸುತ್ತೆ."

"ಸುಹಾನಾ ಹಾಲಿಗೆ ಆ ಕಡೇನೇ ಬೇಕಂತ ಹಟ ಮಾಡ್ತಿದ್ಲು." ನಿಖಾತಳ ದನಿ ಸಡಿಲಿತು. "ಆಮೇಲೆ?"

"ಅದರ ಕೆಳಗೆ ಮಚ್ಚೆ, ಎಳ್ಳುಕಾಳಿನಷ್ಟು."

"ಮಚ್ಚೆ ಬಲಗಡೆ."

"ಎಡಗಡೆ ಕಣೇ, ಕಣ್ಣಾರೆ ನೋಡಿದ್ದೀನಿ."

"ನಿನ್ನ ಕಣ್ಣಿನ ಯೋಗ್ಯತೆ ಮಂಚದ ಮೇಲೆ ಬಿದ್ದೈತೆ. ನನ್ನ ಮೈ ನಂಗೊತ್ತಿಲ್ವಾ? ಬಲಗಡೆ!"

"ಹಂಗಾದ್ರೆ ನೋಡ್ಕೋ," ಎಂದು ಬಾಯಿಂದ ಜಾರಿಹೋಯಿತು. ರಾಧಾಮಣಿ ತುಟಿ ಕಚ್ಚಿಕೊಂಡಳು.

ನಿಖಾತ್ ಮಂಚದ ಅಂಚಿಗೆ ಕೂತಳು. "ನಾನಿನ್ನೂ ನೋಡಿಲ್ಲ ಕಣೇ. ಹೊಲಿಗೆ ಬಿಚ್ಚಿದಾಗ ಫ್ಯಾನ್ ನೋಡ್ತಾ ಮಲಗಿದ್ದೆ. ಸ್ನಾನಕ್ಕೆ ಹೋದ್ರೆ ಕನ್ನಡಿ ಮೇಲೆ ಟವಲು ಹಾಕ್ಬಿಡ್ತೀನಿ." ಬಾಗಿಲ ಕಡೆ ನೋಡಿ, "ಚಿಲಕ ಹಾಕು," ಎಂದಳು.

ರಾಧಾಮಣಿ ಚಿಲಕ ಹಾಕಿ ಬಂದಳು. ನಿಖಾತ್ ಒಂದೊಂದೇ ಗುಂಡಿ ಬಿಚ್ಚಿದಳು, ತಲೆ ತಗ್ಗಿಸಿದಳು.

"ಐತೆ," ಎಂದಳು. "ಬಲಗಡೇನೇ ಐತೆ. ನಾನ್ ಹೇಳ್ಲಿಲ್ವಾ."

ಆದರೆ ಗುಂಡಿ ಹಾಕಿಕೊಳ್ಳಲಿಲ್ಲ. ಅವಳ ನೋಟ ಮೆಲ್ಲಗೆ ಬಲದಿಂದ ಎಡಕ್ಕೆ ಸರಿದು ಹೊಲಿಗೆಯ ಗೆರೆಯ ಮೇಲೆ ನಿಂತಿತು. ಕಿಟಕಿಯ ಕಡೆ ತಿರುಗಿಕೊಳ್ಳಬೇಕೆನಿಸಿದರೂ ರಾಧಾಮಣಿ ತಿರುಗಲಿಲ್ಲ. ಪಕ್ಕದಲ್ಲಿ ಕೂತು, ಅವಳು ನೋಡುತ್ತಿದ್ದುದನ್ನೇ ತಾನೂ ನೋಡಿದಳು.

"ಇದನ್ನೂ ಹೇಳು," ಎಂದಳು ನಿಖಾತ್, ತಲೆ ಎತ್ತದೆ.